ಹದಿನೈದು ಪೌಂಡಿನ ಅರ್ಧ ಗಂಟೆ

ಹೊಟ್ಟೆಗೆ ಬಿದ್ದದ್ದನ್ನೆಲ್ಲ ಆವಿಯಲ್ಲಿ ಬೇಯಿಸುವುದು ನನ್ನ ಕಸುಬು. ಹಾಗಂತ ನನ್ನನ್ನು ಅಡುಗೆ ಪಾತ್ರೆಗಳ ಸಾಲಿಗೆ ಸೇರಿಸಬೇಡಿ, ಸಿಟ್ಟು ಬರುತ್ತದೆ. ನಾನು ಆಟೋಕ್ಲೇವ್. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟ, ಹತ್ತಿ, ಬಟ್ಟೆಗಳಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಒಂದೂ ಉಳಿಯದಂತೆ ಮಾಡಿಕೊಡುವವನು. ಕೊಲ್ಲಾಪುರದ ಒಂದು ವರ್ಕ್‌ಶಾಪಿನಲ್ಲಿ ಉಕ್ಕಿನ ತಗಡು ಬಗ್ಗಿಸಿ ನನ್ನ ಹೊಟ್ಟೆ ಮಾಡಿದರು, ನೆತ್ತಿಗೆ ಭಾರದ ಮುಚ್ಚಳ ಕೂರಿಸಿದರು, ಹಣೆಗೆ ಆವಿಯ ಒತ್ತಡ ತೋರಿಸುವ ಮುಳ್ಳಿನ ಮೀಟರ್ ಹಚ್ಚಿದರು. ಅಲ್ಲಿಂದ ಲಾರಿಯಲ್ಲಿ ಕುಲುಕುತ್ತ ಹುಬ್ಬಳ್ಳಿಯ ಐವತ್ತು ಹಾಸಿಗೆಯ ಆಸ್ಪತ್ರೆಯೊಂದಕ್ಕೆ ಬಂದಿಳಿದೆ.

ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ನನಗೆ ಅವಸರ ಎಂಬುದೇ ಗೊತ್ತಿಲ್ಲ. ಕಾದು ಬಿಸಿಯಾಗಲು ಇಪ್ಪತ್ತು ನಿಮಿಷ ಬೇಕು. ಮುಳ್ಳು ಹದಿನೈದು ಪೌಂಡಿಗೆ ಬಂದ ಮೇಲೆ ಅಲ್ಲಿಂದ ಇಳಿಯದೆ ಅರ್ಧ ಗಂಟೆ ನಿಲ್ಲಬೇಕು. ಆಮೇಲೆ ಆವಿ ಬಿಟ್ಟು ಒಣಗಲು ಮತ್ತೆ ಇಪ್ಪತ್ತು ನಿಮಿಷ. ಆಸ್ಪತ್ರೆಯಲ್ಲಿ ಒಂದು ಕಟ್ಟಳೆ ಇತ್ತು: ಮುಚ್ಚಳ ಮುಚ್ಚಿ ಪುಸ್ತಕದಲ್ಲಿ ಸಹಿ ಮಾಡಿದವರೇ ಅದನ್ನು ತೆರೆಯಬೇಕು, ಅಲ್ಲಿಯವರೆಗೆ ಕೋಣೆ ಬಿಟ್ಟು ಕದಲುವಂತಿಲ್ಲ.

ಮೊದಲು ನನ್ನನ್ನು ನೋಡಿಕೊಂಡವನು ಫಕೀರಪ್ಪ. ಒಳ್ಳೆಯ ಮನುಷ್ಯ. ಮುಳ್ಳು ಹದಿನೈದಕ್ಕೆ ಬಂತೆಂದರೆ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣು ಮೀಟರಿನ ಮೇಲಿಟ್ಟು, ಇನ್ನೊಂದು ಕಣ್ಣಲ್ಲಿ ನಿದ್ದೆ ತೆಗೆಯುತ್ತಿದ್ದ. ಹನ್ನೊಂದು ವರ್ಷ ಹೀಗೇ ಕಳೆಯಿತು. ಕಾಯುವ ಹೊತ್ತೆಂದರೆ ತೂಕಡಿಸುವ ಹೊತ್ತು ಎಂದೇ ನಾನೂ ತಿಳಿದಿದ್ದೆ.

ಅವನು ನಿವೃತ್ತನಾದ ಮೇಲೆ ದಾಕ್ಷಾಯಿಣಿ ಬಂದಳು. ಮೂವತ್ತೈದರ ಹೆಂಗಸು, ಮನೆಯಲ್ಲಿ ಗಂಡ, ಅತ್ತೆ, ಎಂಟನೆಯ ತರಗತಿಯ ಮಗಳು. ಮದುವೆಗೆ ಮುಂಚೆ ಓದಿದ ಬಿ.ಎಸ್ಸಿ. ಅವಳ ಹೊಟ್ಟೆಯಲ್ಲಿ ಇನ್ನೂ ಆರದೆ ಕುದಿಯುತ್ತಿತ್ತು. ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ ನನ್ನ ಜೊತೆ, ಐದೂವರೆಯಿಂದ ಸಂಜೆ ಕಾಲೇಜಿನಲ್ಲಿ ಎಂ.ಎಸ್ಸಿ. ಗಣಿತ. ಲೆಕ್ಚರರ್ ಆಗಬೇಕೆಂಬುದು ಅವಳ ಆಸೆ. ಮನೆಗೆ ಹೋದರೆ ರೊಟ್ಟಿ, ಪಾತ್ರೆ, ಮಗಳ ಹೋಮ್‌ವರ್ಕ್. ಹಾಗಾದರೆ ಓದುವುದು ಯಾವಾಗ?

ನನ್ನ ಮುಂದೆ! ಮೊದಲ ವಾರದಲ್ಲೇ ಅವಳು ನನ್ನ ಹೊತ್ತನ್ನೆಲ್ಲ ಹಂಚಿಹಾಕಿದಳು. ನಾನು ಕಾಯುವಾಗ ಹಿಂದಿನ ಸಂಜೆಯ ಪಾಠ. ಅರ್ಧ ಗಂಟೆ ಮುಳ್ಳು ನಿಂತಾಗ ಒಂದೇ ಒಂದು ಪ್ರಮೇಯ, ಎರಡಿಲ್ಲ. ಒಣಗುವಾಗ ಪುಸ್ತಕ ಮುಚ್ಚಿಟ್ಟು, ಗಾಯಕ್ಕಿಡುವ ಗಾಜ್ ಬಟ್ಟೆ ಮಡಚುತ್ತ ಬಾಯಲ್ಲೇ ಒಪ್ಪಿಸುವುದು. ದಿನಕ್ಕೆ ನಾಲ್ಕು ಸಲ ನಾನು ಕಾದರೆ ನಾಲ್ಕು ಪ್ರಮೇಯ.

ಶುರುವಿನಲ್ಲಿ ಒಂದು ಎಡವಟ್ಟಾಯಿತು. ಪುಸ್ತಕದಲ್ಲಿ ಮುಳುಗಿ ಮುಳ್ಳು ಹತ್ತೊಂಬತ್ತಕ್ಕೆ ಏರಿದ್ದು ನೋಡಲಿಲ್ಲ. ಸೇಫ್ಟಿ ವಾಲ್ವಿನಿಂದ ನಾನು ಕಿರುಚಿದ ಕಿರುಚಾಟಕ್ಕೆ ಆಸ್ಪತ್ರೆಯೇ ಎದ್ದುಬಂತು. ಮರುದಿನದಿಂದ ಅವಳು ತಲೆ ತಗ್ಗಿಸಿ ಓದುವುದನ್ನೇ ಬಿಟ್ಟಳು. ಅಂದಿನ ಪ್ರಮೇಯವನ್ನು ದಪ್ಪಕ್ಷರದಲ್ಲಿ ಬರೆದು ಮೀಟರಿನ ಪಕ್ಕದ ಗೋಡೆಗೇ ಅಂಟಿಸಿದಳು. ಮುಳ್ಳೂ ಕಾಣಬೇಕು, ಗಣಿತವೂ ಕಾಣಬೇಕು. ಎಂಥ ಹೆಂಗಸು ಎಂದು ನಾನು ಬೆರಗಾದೆ.

ಒಮ್ಮೆ ಹೆಡ್ ನರ್ಸ್ ಸುವಾರ್ತಾ ಸಿಸ್ಟರ್ ಆ ಕಾಗದ ನೋಡಿ ಏನಿದು ಎಂದು ಕೇಳಿದರು.

“ಅವಿಭಾಜ್ಯ ಸಂಖ್ಯೆ ರೀ ಸಿಸ್ಟರ್. ನೀವು ಎಷ್ಟs ದೊಡ್ಡದು ಹೇಳ್ರಿ, ಅದಕ್ಕಿಂತ ದೊಡ್ಡದು ಇನ್ನೊಂದು ಇದ್ದೇ ಇರತೈತಿ. ಮುಗಿಯೂದ ಇಲ್ಲ.”

“ಮುಗಿಯದ್ದನ್ನ ಅರ್ಧ ತಾಸಿನ್ಯಾಗ ಹೆಂಗ ಓದತೀಯವಾ?” ಎಂದು ಸಿಸ್ಟರ್ ನಕ್ಕರು. ನಾನು ಮಾತ್ರ ನಗಲಿಲ್ಲ. ಕೊನೆಯೇ ಇಲ್ಲದ ವಸ್ತುವೊಂದು ನನ್ನ ಪಕ್ಕದ ಗೋಡೆಯ ಮೇಲಿದೆ ಎಂದು ತಿಳಿದು ಮೈ ಜುಮ್ಮೆಂದಿತು.

ಎಲ್ಲ ಪತ್ರಿಕೆಗಳೂ ಪಾಸಾದವು, ಸಂಖ್ಯಾ ಸಿದ್ಧಾಂತ ಒಂದನ್ನು ಬಿಟ್ಟು. ಅದರಲ್ಲಿ ಎರಡು ಸಲ ಫೇಲಾದಳು. ಮೂರನೆಯದು ಕೊನೆಯ ಅವಕಾಶ. ಈ ಸಲ ತಪ್ಪಿದರೆ ನಾಲ್ಕು ವರ್ಷದ ಓದೆಲ್ಲ ನೀರುಪಾಲು, ಡಿಗ್ರಿ ಇಲ್ಲ.

ಆ ದಿನ ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಎರಡೂವರೆಗೆ ಹಾಲ್ ಬಾಗಿಲು ಮುಚ್ಚುತ್ತದೆ, ಆಮೇಲೆ ಯಾರೇ ಬಂದರೂ ಬಿಡುವುದಿಲ್ಲ. ಅವಳು ಅರ್ಧ ದಿನ ರಜೆ ಹಾಕಿದ್ದಳು. ಹನ್ನೆರಡು ಕಾಲಿಗೆ ಆಪರೇಷನ್ ಥಿಯೇಟರಿನಿಂದ ಕತ್ತರಿ, ಬಟ್ಟೆ ತುಂಬಿದ ಇನ್ನೊಂದು ಡ್ರಮ್ ಬಂತು. ಎರಡೂವರೆಗೆ ಒಂದು ಸಿಸೇರಿಯನ್ ಇತ್ತು. ಒಂದೂವರೆಯೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಅವಳು ಮುಚ್ಚಳ ಮುಚ್ಚಿ ಸಹಿ ಹಾಕಿದಳು.

ಮುಳ್ಳು ಹದಿನೈದಕ್ಕೆ ನಿಂತು ಇಪ್ಪತ್ನಾಲ್ಕು ನಿಮಿಷ ಆಗಿತ್ತು. ಇನ್ನು ಆರೇ ನಿಮಿಷ. ಕರೆಂಟ್ ಹೋಯಿತು. ನನ್ನಷ್ಟು ಹೊರೆಯನ್ನು ಆಸ್ಪತ್ರೆಯ ಜನರೇಟರ್ ಹೊರುತ್ತಿರಲಿಲ್ಲ. ಆರು ನಿಮಿಷದ ಮೇಲೆ ಕರೆಂಟ್ ಬಂದಾಗ ಮುಳ್ಳು ಹತ್ತಕ್ಕೆ ಇಳಿದಿತ್ತು.

ಇಳಿದರೆ ಮೊದಲಿನಿಂದ ಎಣಿಸಬೇಕು. ಇದು ನನ್ನ ನಿಯಮ. ಆದರೆ ಕೋಣೆಯಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ಉಳಿದ ಆರು ನಿಮಿಷ ಮುಗಿಸಿ ತೆರೆದಿದ್ದರೆ ಡ್ರಮ್ಮಿಗೆ ಹಚ್ಚಿದ, ಬಿಸಿ ಆವಿ ತಾಗಿದರೆ ಬಣ್ಣ ಬದಲಿಸುವ ಟೇಪಿನ ಗೆರೆಗಳು ಹೇಗೂ ಕಪ್ಪಾಗಿಯೇ ಇರುತ್ತಿದ್ದವು. ಯಾವ ಡಾಕ್ಟರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಗಡಿಯಾರ ನೋಡಿದಳು. ಮೀಟರ್ ನೋಡಿದಳು. ಮುಳ್ಳು ಮತ್ತೆ ಹದಿನೈದಕ್ಕೆ ಏರುವವರೆಗೆ ಕಾದು, ಹಳೆಯ ಸಮಯದ ಮೇಲೆ ಗೆರೆ ಎಳೆದು, ಸಹಿಯ ಪುಸ್ತಕದಲ್ಲಿ ಹೊಸದಾಗಿ ಬರೆದಳು: ಒಂದು ಗಂಟೆ ಹತ್ತು ನಿಮಿಷ.

ಸಿಸ್ಟರ್ ಬಾಗಿಲಲ್ಲಿ ಇಣುಕಿದರು. “ನೀ ಇನ್ನೂ ಇಲ್ಲೇ ಅದಿಯಲ್ಲವಾ! ಪರೀಕ್ಷಾ?”

“ಮುಳ್ಳು ಇಳಿದಿತ್ರಿ. ಮೊದಲಿಂದ ಹಚ್ಚೀನಿ. ಪರೀಕ್ಷಾದ ಮಾತು ತೆಗೀಬ್ಯಾಡ್ರಿ, ಅಳು ಬರತೈತಿ.”

“ನೀ ನಡಿ, ನಾ ನೋಡ್ಕೋತೀನಿ” ಎಂದು ಸಿಸ್ಟರ್ ಒಳಗೆ ಬರುವಷ್ಟರಲ್ಲಿ ವಾರ್ಡಿನ ಗಂಟೆ ಬಡಿಯಿತು.

“ನಿಮ್ಮನ್ನ ಮತ್ತ ಕರೀತಾರ ಸಿಸ್ಟರ್. ನೀವು ಓಡಿಹೋದ್ರ ಇದನ್ನ ಕಾಯಾವ್ರು ಯಾರ್ರೀ? ಸಹಿ ನಂದು, ನಾನs ತಗೀತೀನಿ.”

ಸಿಸ್ಟರ್ ಗಡಿಯಾರ ನೋಡಿದರು. “ಎರಡಕ್ಕ ಗೇಟಿನ್ಯಾಗ ಆಟೋ ನಿಂತಿರತೈತಿ” ಎಂದು ಓಡಿದರು.

ಆ ಅರ್ಧ ಗಂಟೆ ಅವಳು ಗೋಡೆಯ ಕಾಗದ ನೋಡಲಿಲ್ಲ. ಮುಳ್ಳನ್ನೇ ನೋಡುತ್ತ ನಿಂತಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಹುಟ್ಟಿದಾಗಿನಿಂದ ನನ್ನ ನಿಧಾನದ ಬಗ್ಗೆ ಹೆಮ್ಮೆಪಟ್ಟ ನಾನು ಅಂದು ಅದಕ್ಕೆ ಹಿಡಿಶಾಪ ಹಾಕಿದೆ. ಒಂದೇ ಒಂದು ನಿಮಿಷ ಬೇಗ ಆಗಬಾರದೇ? ಆಗಲಿಲ್ಲ. ಅವಳು ಕೂಡ ನನ್ನಿಂದ ಒಂದು ನಿಮಿಷವನ್ನೂ ಕದಿಯಲಿಲ್ಲ.

ಎರಡು ಗಂಟೆಗೆ ಡ್ರಮ್ ಥಿಯೇಟರಿಗೆ ಹೋಯಿತು, ಅವಳು ಆಟೋಗೆ ಓಡಿದಳು. ಮರುದಿನ ನನಗೆ ನೀರು ತುಂಬಿಸುತ್ತ ಅವಳು ಸಿಸ್ಟರಿಗೆ ಹೇಳಿದ್ದು ಕೇಳಿಸಿಕೊಂಡೆ: “ಬಾಗಲಾ ಮುಚ್ಚಾಕ ನಾಕು ನಿಮಿಷ ಇತ್ರಿ. ಎಲ್ಲಾರೂ ಆಗಲೇ ಎರಡ ಮೂರ ಪುಟ ಬರದಿದ್ರು. ಪೆನ್ನು ತಗದು ಕೂತೆ. ಆಮ್ಯಾಲ ಒಂದೊಂದ ಪ್ರಶ್ನೆ ಅರ್ಧರ್ಧ ತಾಸಿನಂಗ ಹಿಡದೆ, ಬರಕೋತ ಹೋದೆ. ನನಗ ಹಂಗ ಓದೇ ರೂಢಿ ಅಲ್ರೀ.”

ಐವತ್ಮೂರು ಅಂಕ ಬಂದವು. ಪಾಸು. ಮರುವರ್ಷ ಗದಗದ ಕಾಲೇಜೊಂದಕ್ಕೆ ಲೆಕ್ಚರರ್ ಆಗಿ ಹೋದಳು. ಗೋಡೆಯ ಕಾಗದಗಳನ್ನು ಕಿತ್ತು ಎದೆಗವಚಿಕೊಂಡು, ನನ್ನ ತಣ್ಣಗಿನ ಮುಚ್ಚಳದ ಮೇಲೆ ಒಮ್ಮೆ ಕೈಯಿಟ್ಟು ನಡೆದಳು.

ಆಮೇಲೆ ಪರದೆಯ ಮೇಲೆ ಅಂಕಿ ಮಿನುಗಿಸುವ, ಯಾರೂ ಕಾಯಬೇಕಾಗಿಲ್ಲದ ಹೊಸ ಯಂತ್ರ ಬಂತು. ನನ್ನನ್ನು ಕುಂದಗೋಳದ ಕಡೆಯ ಅಣಬೆ ಬೆಳೆಯುವವರೊಬ್ಬರು ಒಯ್ದರು. ಈಗ ಶೆಡ್ಡಿನ ಮೂಲೆಯಲ್ಲಿ ಅಣಬೆ ಬೆಳೆಯಲು ಬೇಕಾದ ಹುಲ್ಲು ಬೇಯಿಸುತ್ತೇನೆ. ಮೈಯೆಲ್ಲ ತುಕ್ಕು, ಮುಳ್ಳೂ ಸರಿಯಾಗಿ ಏರುವುದಿಲ್ಲ.

ಪರೀಕ್ಷೆಯ ಆ ಮಧ್ಯಾಹ್ನ ಮೂರರ ಸುಮಾರಿಗೆ ಥಿಯೇಟರಿನಿಂದ ಮಗುವಿನ ಅಳು ಕೇಳಿಸಿತ್ತು. ಕೆಲವು ದಿನಗಳ ಮೇಲೆ ತಾಯಿ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಬಾಗಿಲ ಮುಂದೆಯೇ ನಿಧಾನವಾಗಿ ನಡೆದುಹೋದಳು. ಹೊಲಿಗೆ ಕೀವಾಗಿರಲಿಲ್ಲ, ಜ್ವರ ಬಂದಿರಲಿಲ್ಲ, ಹೇಳಿಕೊಳ್ಳುವಂಥದ್ದು ಏನೂ ಆಗಿರಲಿಲ್ಲ. ಒಳಗೆ ಗಾಜ್ ಮಡಚುತ್ತಿದ್ದ ದಾಕ್ಷಾಯಿಣಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ. ತಮಗಾಗಿ ಒಬ್ಬಳು ತನ್ನ ಅರ್ಧ ಗಂಟೆಯನ್ನು ಅತ್ತುಕೊಂಡೇ ಕೊಟ್ಟಳೆಂಬುದು ಆ ತಾಯಿಗೂ ಮಗುವಿಗೂ ಯಾವತ್ತೂ ತಿಳಿಯುವುದಿಲ್ಲ. ಕಂಡವನು ನಾನು, ಅದಕ್ಕೇ ಹೇಳಿದೆ.