ಒಂದೂವರೆ ಅಡಿ

ಮೇಸ್ತ್ರಿ ಅಂಗಳದಿಂದ ಎಸೆದ ಏಳನೇ ಪ್ಲಾಸ್ಟಿಕ್ ಕುರ್ಚಿ ಬಾಲ್ಕನಿಯ ಕಂಬಿಗೆ ಬಡಿದು, ಕಾಲು ಮೇಲಾಗಿ ವಾಪಸ್ಸು ಅಂಗಳಕ್ಕೇ ಬಂದು ಬಿತ್ತು. ಮೇಲೆ ಕೈಚಾಚಿ ನಿಂತಿದ್ದ ಟೈಲ್ಸ್‌ನವನು ಬರಿಗೈ ನೋಡಿಕೊಂಡು ಪೆಚ್ಚಾದ.

ಸದ್ದಿಗೆ ಅಮ್ಮ ಒಳಗಿನಿಂದ ಬಂದಳು. ಬೆಳಗಿನಿಂದ ಅತ್ತು ಕಣ್ಣು ಊದಿಕೊಂಡಿದ್ದರೂ ಗಂಟಲು ಮಾತ್ರ ಎಂದಿನದೇ.

“ಸಾವಿನ ಮನೇಲಿ ಇದೇನ್ರೋ ನಿಮ್ಮ ಆಟ? ಮೆಟ್ಟಿಲು ಕಟ್ಟಿರೋದು ಯಾಕೆ?”

“ಮೆಟ್ಟಿಲು ಇಕ್ಕಟ್ಟು ಅಕ್ಕ,” ಎಂದ ಮೇಸ್ತ್ರಿ ಕೆಳಗಿನಿಂದಲೇ. “ಅಲ್ದೆ, ಒಂದನೇ ಮಹಡಿಗೆ ಸಾಮಾನು ಹೊತ್ಕೊಂಡು ಹತ್ತೋದು ನೋಡಿದ್ರೆ ನಿನ್ನ ಗಂಡ ಎದ್ದು ಕೂತು ಉಗೀತಾನೆ.”

ಅಮ್ಮನಿಗೆ ನಗು ಬಂತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಅವನು ಎಸೆದಿದ್ರೆ ಒಂದೂ ತಾಗ್ತಿರ್ಲಿಲ್ಲ ಬಿಡಿ,” ಎಂದ ಟೈಲ್ಸ್‌ನವನು.

“ಒಂದು ತಾಗಿತ್ತಲ್ಲ!” ಎಂದವನೇ ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. ಬಾಲ್ಕನಿಯ ಬಾಗಿಲಲ್ಲಿ ಮಗಳು ನಿಂತಿದ್ದಳು.

ಒಳಗೆ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದ ಮನುಷ್ಯ ಮೂವತ್ತೊಂದು ವರ್ಷ ಇಟ್ಟಿಗೆ ಎಸೆದವನು. ನೆಲದ ಮೇಲೆ ನಿಂತು ಒಂದೊಂದೇ ಇಟ್ಟಿಗೆ ಮೇಲಕ್ಕೆ ಎಸೆಯುವುದು, ಗೋಡೆಯ ಪಕ್ಕ ಕಟ್ಟಿದ ಹಲಗೆಯ ಮೇಲೆ ನಿಂತ ಜೊತೆಗಾರ ಅದನ್ನು ಹಿಡಿದು ಪಕ್ಕಕ್ಕೆ ಜೋಡಿಸುವುದು, ಇಷ್ಟೇ ಕೆಲಸ. ಎಸೆಯುವವನಿಗೆ ಕೆಳಗಿನವನು ಎಂದೂ ಹಿಡಿಯುವವನಿಗೆ ಮೇಲಿನವನು ಎಂದೂ ಹೆಸರು ಬಿದ್ದು, ಅವರ ಸ್ವಂತ ಹೆಸರು ಹೆಂಡತಿಯರಿಗೇ ಮರೆತುಹೋಗುವಷ್ಟು ಕಾಲವಾಗಿತ್ತು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಇಟ್ಟಿಗೆ ತಪ್ಪಿತ್ತು. ಹನ್ನೊಂದು ವರ್ಷದ ಹಿಂದೆ, ಊಟದ ನಂತರದ ಮೊದಲ ಇಟ್ಟಿಗೆ ಹಿಡಿಯುವವನ ಕೈಗಿಂತ ಒಂದೂವರೆ ಅಡಿ ಕೆಳಗೇ ನಿಂತುಬಿಟ್ಟಿತು. ಮೇಲಿನವನು ಬಗ್ಗಿ ಬಾಚಿಕೊಳ್ಳಲು ಹೋಗಿ ಎರಡು ಬೆರಳು ಮುರಿದುಕೊಂಡ. ಇಡೀ ಕಟ್ಟಡಕ್ಕೆ ಕೇಳುವಂತೆ, “ಕಣ್ಣು ಕಾಣಲ್ವೇನೋ? ಎಸೆಯೋಕೆ ಬರದಿದ್ರೆ ಮನೇಲಿ ಬಿದ್ಕೋ!” ಎಂದು ಕೂಗಿದ. ಕೆಳಗಿನವನು ಕೈಯಲ್ಲಿದ್ದ ಇಟ್ಟಿಗೆ ಕೆಳಗಿಟ್ಟ, ಕೈ ತೊಳೆದುಕೊಂಡ, ಮೇಸ್ತ್ರಿಯ ಹತ್ತಿರ ಹೋಗಿ ಉಗ್ರಾಣದ ಕೆಲಸ ಕೇಳಿದ. ಆಮೇಲೆ ಅವರಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕೆಲಸಗಾರರ ಬಾಯಿ ಸುಮ್ಮನಿರುತ್ತದೆಯೇ? ಸಿಮೆಂಟು ಅರ್ಧ ಮೂಟೆ ಸಾಲದೆ ಬಂದರೆ, ಊಟಕ್ಕೆ ಇಬ್ಬರಿಗೆ ಅನ್ನ ಕಡಿಮೆ ಬಿದ್ದರೆ, “ಕೆಳಗಿನವನ ಇಟ್ಟಿಗೆ ಆಯ್ತಲ್ಲಪ್ಪ” ಎನ್ನುವ ಮಾತು ಹುಟ್ಟಿಕೊಂಡಿತು. ಅವನನ್ನು ಕಣ್ಣಾರೆ ನೋಡದವರೂ ಅದನ್ನು ಆಡಿ ನಗುತ್ತಿದ್ದರು. ಲಕ್ಷಗಟ್ಟಲೆ ಇಟ್ಟಿಗೆ ಸರಿಯಾಗಿ ಎಸೆದವನು ತಪ್ಪಿದ ಒಂದರಿಂದ ಪ್ರಸಿದ್ಧನಾದ. ಮಗಳಿಗೆ ಇದು ಗಂಟಲಲ್ಲಿ ಸಿಕ್ಕಿದ ಮುಳ್ಳು. ನಾಲ್ಕು ಗಂಟೆಗೆ ವ್ಯಾನು ಬರುವುದಿತ್ತು. ಅಷ್ಟರೊಳಗೆ, ಇಷ್ಟು ಜನರ ಎದುರಿಗೆ, ಆ ಮಾತು ಸುಳ್ಳು ಎಂದು ಆಗಬೇಕು, ಅಪ್ಪ ಅದನ್ನು ಹೊತ್ತುಕೊಂಡು ಮಣ್ಣಿಗೆ ಹೋಗಬಾರದು ಎಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಯಾಕೆಂದರೆ ಅವಳು ಅಳತೆ ಮಾಡಿದ್ದಳು.

*

ಮಗಳು ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಟೀಚರ್. ಕಳೆದ ವರ್ಷ ಎಸೆದ ವಸ್ತುವಿನ ಚಲನೆಯ ಪಾಠ ಬಂದಾಗ, ಕಪ್ಪು ಹಲಗೆಯ ಮೇಲೆ ಚೆಂಡು ಬರೆದೂ ಬರೆದೂ ಸಾಕಾಗಿ, ಅಪ್ಪನನ್ನೇ ತರಗತಿಗೆ ಕರೆದುಕೊಂಡು ಹೋದಳು. ಬರುವುದಿಲ್ಲ ಎಂದು ಅವನು ಮೂರು ದಿನ ಹಟ ಹಿಡಿದ. ಹತ್ತು ವರ್ಷದಿಂದ ಇಟ್ಟಿಗೆ ಮುಟ್ಟಿರಲಿಲ್ಲ. ಕೊನೆಗೆ, “ಮಕ್ಕಳು ಚೆಂಡು ತರ್ತಾರಂತೆ ಅಪ್ಪ” ಎಂದಾಗ ಮಾತ್ರ ಅವಮಾನವಾದವನಂತೆ ಎದ್ದು ನಿಂತ.

“ಚೆಂಡು ಯಾರು ಬೇಕಾದ್ರೂ ಎಸೀತಾರೆ.”

ಶಾಲೆಯ ಅಂಗಳದಲ್ಲಿ ಮರಳಿನ ಗುಡ್ಡೆ ಇತ್ತು. ಹೆಡ್‌ಮಿಸ್ಸು ಅಪಘಾತದ ಭಯಕ್ಕೆ ತಾವೊಂದು ಹೆಲ್ಮೆಟ್ ಹಾಕಿಕೊಂಡು ಗೇಟಿನ ಹತ್ತಿರ ನಿಂತರು. ಒಂದನೇ ಮಹಡಿಯ ಬಾಲ್ಕನಿಯಲ್ಲಿ ಇಬ್ಬರು ಹುಡುಗಿಯರು ಸೀಮೆಸುಣ್ಣ ಹಿಡಿದು ಕಾದರು. ಇಟ್ಟಿಗೆ ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಕಂಬದ ಮೇಲೆ ಗೀಟು ಎಳೆಯುವುದು ಅವರ ಕೆಲಸ. ಅಪ್ಪ ಮೊಣಕಾಲು ಚೂರು ಬಗ್ಗಿಸಿ, ಉಸಿರು ಬಿಟ್ಟು ಎಸೆದ. ಇಟ್ಟಿಗೆ ಮೇಲೇರಿ, ನಿಂತು, ಕೆಳಗಿಳಿದು, ಮರಳಿನಲ್ಲಿ ದೊಪ್ಪೆಂದು ಕೂತಿತು. ಮಕ್ಕಳು ಚಪ್ಪಾಳೆ ತಟ್ಟಿದರು.

“ತುತ್ತತುದಿಯಲ್ಲಿ ಇಟ್ಟಿಗೆ ಮೇಲಕ್ಕೆ ಹೋಗೋ ವೇಗ ಎಷ್ಟು?” ಎಂದು ಕೇಳಿದಳು ಟೀಚರ್.

“ಸೊನ್ನೆ!”

“ಅದಕ್ಕೂ ಪುಸ್ತಕ ಬೇಕಾ?” ಎಂದ ಅಪ್ಪ. “ಅಲ್ಲಿ ಹೋಗಿ ಅದು ಉಸಿರು ತಗೊಳ್ಳುತ್ತೆ ಮಕ್ಕಳೇ. ಆಗ ಹಿಡೀಬೇಕು. ಮಗು ಎತ್ಕೊಂಡಷ್ಟು ಹಗುರ. ಅದಕ್ಕಿಂತ ಮುಂಚೆ ಹಿಡಿದ್ರೆ ಕೈಗೆ ಗುದ್ದುತ್ತೆ, ತಡವಾದ್ರೆ ಬೆರಳು ಮುರಿಯುತ್ತೆ.”

“ವೇಗೋತ್ಕರ್ಷ? ಅಂದ್ರೆ ಭೂಮಿ ಎಳೆಯೋದು?”

“ಅದೂ ಸೊನ್ನೆ!” ಎಂದರು ಮಕ್ಕಳು. ಅಪ್ಪನೂ ಅವರ ಜೊತೆಗೇ ಕೂಗಿದ. ಟೀಚರ್ ತಲೆಯಾಡಿಸಿದಳು. ಎಳೆತ ಏರುವಾಗಲೂ ಇಳಿಯುವಾಗಲೂ ತುದಿಯಲ್ಲಿ ನಿಂತಾಗಲೂ ಒಂದೇ ಸಮ ಎಂದಳು.

“ನಿಂತಾಗ್ಲೂ ಎಳೀತಿರುತ್ತಾ?” ಅಪ್ಪನಿಗೆ ನಿಜಕ್ಕೂ ಬೇಜಾರಾಯಿತು. “ಪಾಪ, ಒಂದು ಗಳಿಗೆನೂ ಬಿಡಲ್ವಾ?”

ಇಟ್ಟಿಗೆ ಗೋಡೆಯ ಕಡೆಗೂ ಚೂರು ಸರಿಯುತ್ತದೆ, ಆ ಪಕ್ಕದ ವೇಗ ಮೊದಲಿನಿಂದ ಕೊನೆಯವರೆಗೆ ಹಾಗೇ ಇರುತ್ತದೆ, ಮೇಲಕ್ಕೆ ಹೋಗುವ ವೇಗಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಮಗಳು ಹೇಳಿದಾಗ ಅವನು, “ಒಂದೇ ಇಟ್ಟಿಗೇಲಿದ್ದೂ ಮಾತುಕತೆ ಇಲ್ಲ ಅನ್ನು. ನಾನೂ ಮೇಲಿನವನೂ ಇದ್ದ ಹಾಗೆ” ಎಂದು ನಕ್ಕುಬಿಟ್ಟ.

ಹತ್ತು ಸಲ ಎಸೆದ. ಕಂಬದ ಮೇಲೆ ಹತ್ತು ಗೀಟು ಬಿದ್ದವು. ಎಲ್ಲವೂ ನಾಲ್ಕು ಬೆರಳು ಅಗಲದೊಳಗೆ. ಅವನ ಕೈಯಿಂದ ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್ ಮೇಲೆ. ಎಪ್ಪತ್ತು ವರ್ಷದ ಮುದುಕ ಬಾಲ್ಕನಿಗೆ ಹತ್ತಿ ಹೋಗಿ ಆ ಗೀಟುಗಳ ಮೇಲೆ ಅಂಗೈ ಇಟ್ಟು ನೋಡಿದ. ಹತ್ತೂ ಮುಚ್ಚಿಹೋದವು.

“ಹಾಗಾದ್ರೆ ಅವತ್ತು...” ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದ.

*

ಎರಡೂವರೆಗೆ ಮೇಲಿನವನು ಬಂದ. ಬರುತ್ತಾನೋ ಇಲ್ಲವೋ ಎಂದು ಕಾದಿದ್ದವರೆಲ್ಲ ಈಗ ಸರಿದು ದಾರಿ ಬಿಟ್ಟರು. ಉದ್ದನೆಯ ಆಳು, ಇಸ್ತ್ರಿ ಮಾಡಿದ ಅಂಗಿ, ಎಡಗೈಯ ಎರಡು ಬೆರಳು ಸೊಟ್ಟ. ಬೆರಳು ಮುರಿದ ಮೇಲೆ ಒಂದು ಪೇಂಟ್ ಅಂಗಡಿಯಲ್ಲಿ ಕೂತಿದ್ದವನು. ಪೆಟ್ಟಿಗೆಯ ಹತ್ತಿರ ನಿಂತು ಸುಮಾರು ಹೊತ್ತು ನೋಡಿದ.

“ಮೂವತ್ತೊಂದು ವರ್ಷ ಕೆಳಗೇ ನಿಂತಿದ್ದವನು,” ಎಂದ ಕೊನೆಗೆ, “ಈಗ ನನ್ನ ಬಿಟ್ಟು ಮೇಲೆ ಹೋಗೋಕೆ ಏನೋ ಅವಸರ ನಿಂಗೆ?”

ಯಾರೋ ಕಿಸಕ್ಕೆಂದರು. ಅಮ್ಮ ನಕ್ಕಳು. ಆಮೇಲೆ ಮೇಸ್ತ್ರಿ, ಟೈಲ್ಸ್‌ನವನು, ಎಲ್ಲರೂ. ಮೇಲಿನವನು ಮಾತ್ರ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಮ್ಮ ಅವನನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಮಗಳು ತಾಳ್ಮೆಯಿಂದ ಕಾದಳು. ಅಷ್ಟು ಮರ್ಯಾದೆ ಅವಳಿಗಿತ್ತು. ಅದಕ್ಕಿಂತ ಹೆಚ್ಚಿರಲಿಲ್ಲ.

“ಚಿಕ್ಕಪ್ಪ, ಅವತ್ತು ಹಲಗೆ ಎಷ್ಟು ಎತ್ತರದಲ್ಲಿತ್ತು?”

ನಗುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು.

“ಇವತ್ತು ಬೇಡ ಕಣಮ್ಮ,” ಎಂದ ಮೇಸ್ತ್ರಿ. “ಹಲಗೆ ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ನಾನೇ ಕಟ್ಟಿಸಿದ್ದು. ಹೋದವನ ಬಗ್ಗೆ ಈಗ್ಯಾಕೆ? ಆಗೋದು ಆಯ್ತು, ಕೈ ತಪ್ಪಿತು.”

“ತಪ್ಪೋ ಕೈ ಅಲ್ಲ ಅದು.” ಅವಳು ಪಾಠದ ಧ್ವನಿಗೆ ಬಂದುಬಿಟ್ಟಿದ್ದಳು, ಅದು ಅವಳಿಗೂ ಗೊತ್ತಾಯಿತು, ಆದರೂ ಬಿಡಲಿಲ್ಲ. “ಹೋದ ವರ್ಷ ಹತ್ತು ಸಲ ಎಸೆಸಿ ಅಳೆದಿದ್ದೀನಿ. ಮೂರು ಮೀಟರ್ ಇಪ್ಪತ್ತು ಏರಬೇಕಾದ್ರೆ ಇಟ್ಟಿಗೆ ಕೈ ಬಿಡುವಾಗ ಸೆಕೆಂಡಿಗೆ ಎಂಟು ಮೀಟರಿನ ಹತ್ತಿರ ಇರ್ಬೇಕು. ಒಂದೂವರೆ ಅಡಿ ಕಮ್ಮಿ ಏರಬೇಕಾದ್ರೆ ಅದರಲ್ಲಿ ಅರ್ಧ ಮೀಟರಿಗಿಂತ ಜಾಸ್ತಿ ಕಮ್ಮಿಯಾಗ್ಬೇಕು. ಅಪ್ಪನ ಹತ್ತು ಎಸೆತದಲ್ಲಿ ಅದರ ಕಾಲು ಭಾಗದಷ್ಟೂ ಆಚೀಚೆ ಆಗಿಲ್ಲ. ಇಟ್ಟಿಗೆ ಯಾವಾಗ್ಲೂ ನಿಲ್ಲೋ ಕಡೆನೇ ನಿಂತಿದೆ. ನಿಮ್ಮ ಕೈ ಅಲ್ಲಿರ್ಲಿಲ್ಲ.”

ಮೇಲಿನವನು ಖಾಲಿ ಲೋಟವನ್ನು ತಿರುಗಿಸುತ್ತ ಕೂತಿದ್ದ.

“ಹತ್ತೂ ಒಂದೇ ಕಡೆನಾ?”

“ನಾಲ್ಕು ಬೆರಳೊಳಗೆ.”

“ಎಪ್ಪತ್ತನೇ ವಯಸ್ಸಲ್ಲಿ!” ಅವನು ಪೆಟ್ಟಿಗೆಯ ಕಡೆಗೆ ನೋಡಿದ. ಆ ನೋಟದಲ್ಲಿ ಹೆಮ್ಮೆ ಇತ್ತು. ಆಮೇಲೆ ಲೋಟ ಕೆಳಗಿಟ್ಟು ಎದ್ದು ನಿಂತ. ಕೂತು ಹೇಳುವ ಮಾತಲ್ಲ ಎನಿಸಿತೇನೋ.

“ಹಲಗೆ ಏರಿಸಿದ್ದೆ ನಾನು. ಗೋಡೆ ತಲೆಮಟ್ಟಕ್ಕೆ ಬಂದಿತ್ತು, ಕೈಗೆ ಎಟುಕ್ತಿರ್ಲಿಲ್ಲ. ನೀವೆಲ್ಲ ಊಟಕ್ಕೆ ಹೋದಾಗ ಒಬ್ಬನೇ ಬಿಚ್ಚಿ ಒಂದೂವರೆ ಅಡಿ ಮೇಲೆ ಕಟ್ಟಿದೆ. ಗೋಡೆ ಜೊತೆ ದಿನಾ ಏರೋ ಹಲಗೆ, ನೀವ್ಯಾರೂ ಗಮನಿಸ್ಲಿಲ್ಲ. ಅವನು ಬಂದು ಬಿಸಿಲಿಗೆ ಕಣ್ಣು ಮುಚ್ಕೊಂಡೇ ಎಸೆದ, ಅವನ ಅಭ್ಯಾಸ ಅದು. ಏರಿಸಿದ್ದೀನಿ ಕಣೋ ಅಂತ ಒಂದು ಕೂಗು ಹಾಕಿದ್ರೆ ಸಾಕಿತ್ತು. ಮರೆತೆ. ಬೆರಳು ಮುರಿದ ನೋವಲ್ಲಿ ಬಾಯಿಗೆ ಬಂದಿದ್ದು ಬೈದೆ. ಸಾಯಂಕಾಲ ಹೊತ್ತಿಗೆ ನೆನಪಾಯ್ತು. ಅಷ್ಟರಲ್ಲಿ ಇವನು ಎಸೆಯೋ ಕೆಲಸ ಬಿಟ್ಟಿದ್ದ, ನೀವೆಲ್ಲ ನಗೋಕೆ ಶುರು ಮಾಡಿದ್ರಿ. ನಾಳೆ ಹೇಳ್ತೀನಿ ಅಂದ್ಕೊಂಡೆ. ನಾಳೆ ನಾಳೆ ಅಂತ ಹನ್ನೊಂದು ವರ್ಷ.”

ಮಗಳಿಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅಂದುಕೊಂಡಷ್ಟು ಸಂತೋಷವಾಗಲಿಲ್ಲ. ಎದುರಿಗೆ ನಿಂತವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಮೂಗು ಒರೆಸಿಕೊಳ್ಳುತ್ತ ನಗುತ್ತಿದ್ದಳು.

“ಅವರಿಗೆ ಗೊತ್ತಿತ್ತು ಕಣಪ್ಪ,” ಎಂದಳು ಮೇಲಿನವನಿಗೆ.

“ಏನು?” ಎಂದಳು ಮಗಳು.

“ನಿನ್ನ ಸ್ಕೂಲಿಂದ ಬಂದ ದಿನವೇ ಹೇಳಿದ್ರು,” ಎಂದಳು ಅಮ್ಮ ಮಗಳಿಗೆ. “ಚಪ್ಪಲಿ ಬಿಡೋಕೂ ಮುಂಚೆ. ‘ಕಳ್ಳ ನನ್ಮಗ ಹಲಗೆ ಏರಿಸಿದ್ದಾನೆ ಕಣೇ’ ಅಂದ್ರು. ಎಷ್ಟು ಖುಷಿ ಅಂತೀಯ! ಎರಡು ಸಲ ಊಟ ಮಾಡಿದ್ರು ಅವತ್ತು. ಹೋಗಿ ಕೇಳಿ ಮತ್ತೆ ಅಂದೆ. ‘ನಾನು ಕೇಳಿ ಅವನು ಹೇಳಿದ್ರೆ ಅದ್ರಲ್ಲೇನಿದೆ? ಅವನೇ ಹೇಳ್ತಾನೆ ಬಿಡು, ಅವನೇನು ಕೆಟ್ಟೋನಲ್ಲ, ನಿಧಾನ ಅಷ್ಟೇ’ ಅಂದ್ರು. ನಿನಗೂ ಹೇಳಬಾರ್ದು ಅಂತ ನನ್ನ ಹತ್ತಿರ ಆಣೆ ಮಾಡಿಸ್ಕೊಂಡ್ರು. ಹೇಳಿದ್ರೆ ನೀನು ಸುಮ್ನೆ ಇರ್ತಿದ್ದೆಯಾ?”

ಮೇಲಿನವನು ಮತ್ತೆ ಕುರ್ಚಿಯ ಮೇಲೆ ಕುಸಿದ. “ಒಂದು ವರ್ಷ ಕಾದನಾ?” ಎಂದು ಮಾತ್ರ ಕೇಳಿದ. ಅಮ್ಮ ಅವನ ಬೆನ್ನು ಸವರಿದಳು.

ಮೇಸ್ತ್ರಿಗೆ ಬೇರೆಯೇ ಚಿಂತೆ ಹತ್ತಿಕೊಂಡಿತ್ತು. “ಹಾಗಾದ್ರೆ ಇಷ್ಟು ವರ್ಷ ಸಿಮೆಂಟು ಸಾಲದೆ ಬಂದಾಗೆಲ್ಲ ನಾವು...”

“ಆ ಮಾತು ಇವತ್ತಿಗೆ ಬಿಡಿ,” ಎಂದ ಮೇಲಿನವನು. “ಇನ್ಮೇಲೆ ಯಾರಾದ್ರೂ ಹೇಳಬೇಕಾದ್ದನ್ನ ಹೇಳದೆ ನುಂಗಿಕೊಂಡ್ರೆ, ‘ಮೇಲಿನವನ ಹಲಗೆ’ ಅನ್ನಿ. ಎಲ್ಲಾ ಕಡೆಗೂ ಹಬ್ಬಿಸಿ. ನನ್ನ ಅಪ್ಪಣೆ ಇದೆ.”

“ಹಬ್ಬಿಸೋದು ನನಗೆ ಬಿಡು,” ಎಂದ ಮೇಸ್ತ್ರಿ. ಅವನು ಆಗಲೇ ಜೇಬಿನಿಂದ ಮೊಬೈಲು ತೆಗೆದಿದ್ದ.

ನಾಲ್ಕಕ್ಕೆ ಸರಿಯಾಗಿ ವ್ಯಾನು ಬಂತು. ಕುರ್ಚಿಗಳ ವಿಷಯ ಬೇರೆ, ಪೆಟ್ಟಿಗೆಯಂತೂ ಮೆಟ್ಟಿಲ ಮೇಲೇ ಇಳಿಯಬೇಕಿತ್ತು. ಇಕ್ಕಟ್ಟಿನ ಮೆಟ್ಟಿಲು, ನಡುವೆ ಒಂದು ತಿರುವು. ಮೇಲಿನವನು ಕೆಳಗಿನ ತುದಿಗೆ ಹೋಗಿ ನಿಂತ.

“ಇಳಿಯುವಾಗ ಭಾರವೆಲ್ಲ ಕೆಳಗಿನವನ ಮೇಲೇ ಬೀಳುತ್ತೆ ಕಣೋ,” ಎಂದ ಮೇಸ್ತ್ರಿ. “ನಿನ್ನ ಬೆರಳು ಬೇರೆ ಹಾಗಿದೆ.”

“ಹೆಗಲು ಸರಿಯಾಗಿದೆಯಲ್ಲ,” ಎಂದು ಅವನು ಹೆಗಲು ಕೊಟ್ಟ. ಟೈಲ್ಸ್‌ನವನು ಅವನ ಪಕ್ಕಕ್ಕೆ ನಿಂತ. ಮೇಲಿನ ತುದಿಯನ್ನು ಮಗಳು ಹಿಡಿದಳು, ಮೇಸ್ತ್ರಿಯ ಜೊತೆಗೆ. ಪೆಟ್ಟಿಗೆ ಎದೆಗೆ ಒತ್ತಿಕೊಂಡಿತ್ತು. ಅದರಾಚೆಗೆ ಅವಳಿಗೆ ತನ್ನ ಕಾಲೇ ಕಾಣುತ್ತಿರಲಿಲ್ಲ. ಮೊದಲ ಮೆಟ್ಟಿಲಿಗೆ ಪಾದ ಚಾಚಿ ಅವಳು ಹಾಗೇ ತಡವರಿಸಿ ನಿಂತಳು.

“ಏಳು ಇಂಚು,” ಎಂದು ಕೂಗಿದ, ಮುಂದೆ ಇಳಿದು ಕಾಲಲ್ಲೇ ಮೆಟ್ಟಿಲು ಅಳೆಯುತ್ತಿದ್ದ ಮೇಲಿನವನು ಕೆಳಗಿನಿಂದ. ಕಟ್ಟಡದಲ್ಲಿ ಕೂಗುವ ಹಾಗೆ, ಇಡೀ ಬೀದಿಗೆ ಕೇಳುವ ಹಾಗೆ. “ಇಡು ಕಾಲು.”

ಅವಳು ಇಟ್ಟಳು.

“ಇನ್ನೊಂದು, ಅದೂ ಏಳು. ಇದು ಏಳೂವರೆ, ಹುಷಾರು. ಈಗ ತಿರುವು, ಎಡಕ್ಕೆ ಬನ್ನಿ, ಎಡಗಡೆ ಅಗಲ ಇದೆ. ಮತ್ತೆ ಏಳು.”

ಭಾರಕ್ಕೆ ಅವನ ಉಸಿರು ಕಟ್ಟುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಆದರೆ ಒಂದು ಮೆಟ್ಟಿಲನ್ನೂ ಅವನು ಹೇಳದೆ ಬಿಡಲಿಲ್ಲ. ಬಾಲ್ಕನಿಯಿಂದ ಅಮ್ಮ ಬಗ್ಗಿ ನೋಡುತ್ತಿದ್ದಳು. ಕೆಳಗೆ ನಿಂತಿದ್ದ ಜನ ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದರು.

“ಕೊನೇದು ಗಿಡ್ಡ,” ಎಂದು ಅವನು ಕೂಗಿದ. “ಐದೇ ಇಂಚು. ಆಮೇಲೆ ನೆಲ.”

ಮಗಳು ಕಣ್ಣು ಮುಚ್ಚಿಕೊಂಡೇ ಕಾಲು ಇಟ್ಟಳು. ನೆಲ ಅವನು ಹೇಳಿದಲ್ಲೇ ಇತ್ತು.