ತಪ್ಪು ತನ್ವಿಯದು

ನಾನೊಂದು ಕಾದಂಬರಿ. ಹುಟ್ಟಿದ್ದು ಅಚ್ಚಿನ ಮನೆಯಲ್ಲಿ. ಯಾರಿಗೆ ಅಚ್ಚುಮೆಚ್ಚಾಗಬೇಕೆಂದು ಹಣೆಯ ಮೇಲೇ ಬರೆದು ಕಳಿಸಿದರು: 'ಹದಿಹರೆಯದವರಿಗಾಗಿ'. ಹಣೆಬರಹವನ್ನು ಓದುವವರು ಯಾರು?

ತುಮಕೂರಿನ ಅಂಗಡಿಯಿಂದ ನನ್ನನ್ನು ಮನೆಗೆ ಕರೆತಂದವಳು ಪಿಯುಸಿ ಓದುವ ಇಂಚರ. ಉಣ್ಣುತ್ತಲೇ ಓದಿದಳು, ಮೈಮೇಲೆ ಸಾರಿನ ಹನಿ ಬಿತ್ತು, ಬೇಸರವಾಗಲಿಲ್ಲ. ನನ್ನೊಳಗಿನ ತನ್ವಿ ಎಂಬ ಹುಡುಗಿ ಟ್ಯೂಷನ್ ತಪ್ಪಿಸಿ, ಗೆಳೆಯನ ಬೈಕೇರಿ ಬೆಟ್ಟಕ್ಕೆ ಹೋದಾಗ ಇಂಚರ ಕಿಸಕ್ಕೆಂದಳು. ಓದಿ ಮುಗಿಸಿ, ನನ್ನನ್ನು ದಿಂಬಿನ ಪಕ್ಕ ಮಲಗಿಸಿ, ತಾನು ಮಾತ್ರ ತಪ್ಪದೆ ಟ್ಯೂಷನ್ನಿಗೆ ಹೋದಳು.

ಆಗ ಕೋಣೆಗೆ ಬಂದರು ಅವಳ ಅಮ್ಮ ಮಂಗಳಗೌರಿ. ಈಚೆಗೆ ಮಗಳು 'ಹೂಂ', 'ಊಹೂಂ' ಬಿಟ್ಟು ಮೂರನೆಯ ಉತ್ತರ ಕೊಡುತ್ತಿರಲಿಲ್ಲ. ಅವಳ ಮನಸ್ಸಿನಲ್ಲೇನಿದೆ ಎಂದು ತಿಳಿಯಲು, ಪಾಪ, ನನ್ನನ್ನು ಬಿಡಿಸಿದರು. ಕುಕ್ಕರ್ ಕೂಗಿದ್ದೂ ಕೇಳಿಸಲಿಲ್ಲ. ನನಗೋ ಹೆಮ್ಮೆ! ಬೈಕಿನ ಪುಟ ಬಂದಾಗ ಆಕೆಯ ಹೆಬ್ಬೆರಳು ಬೆವರಿ ನನ್ನ ಅಂಚು ಒದ್ದೆಯಾಯಿತು. ಈಕೆ ಓದುತ್ತಿರುವುದು ಕಥೆಯನ್ನಲ್ಲ, ಮಗಳನ್ನು ಎಂದು ಆಗ ಹೊಳೆಯಿತು. 'ಅಮ್ಮಾ, ಅದು ತನ್ವಿ!' ಎಂದು ಕೂಗೋಣವೆಂದರೆ, ನನಗಿರುವ ಮಾತೆಲ್ಲ ಮೊದಲೇ ಅಚ್ಚಾಗಿಬಿಟ್ಟಿದೆ.

ಮರುದಿನ ಇಂಚರ ಬ್ಯಾಗು ಬಿಸಾಡಿದ ರಭಸಕ್ಕೆ ನಾನು ಮಂಚದಿಂದ ಉರುಳಿದೆ.

"ಟ್ಯೂಷನ್ನಿಗೇ ಬಂದು, ಎಲ್ಲರ ಮುಂದೆ, 'ಸಾರ್, ನಮ್ಮ ಇಂಚರಾ ದಿನಾ ಬರ್ತಾಳಾಆ?' ಅಂತ ಕೇಳೋದಾ? ಕ್ಲಾಸೆಲ್ಲ ನಕ್ತು ಕಣಮ್ಮ!" ಅಮ್ಮನ ರಾಗವನ್ನು ಥೇಟ್ ಹಾಗೇ ಎಳೆದಳು, ಕಣ್ಣಲ್ಲಿ ಮಾತ್ರ ನೀರು.

"ದಿನಾ ಬರ್ತಾಳೆ ಅಂದ್ರು ಮೇಷ್ಟ್ರು. ಹಾಗಾದ್ರೆ ಆ ಬೈಕಿನವನ ಜೊತೆ ಯಾವಾಗ ಹೋಗ್ತೀಯೇ?"

"ಯಾವ ಬೈಕು?"

ಅಮ್ಮ ನನ್ನತ್ತ ಬೆರಳು ತೋರಿಸಿದರು.

ಇಂಚರ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

ಅಂದಿನಿಂದ ಆ ಕೋಣೆಯಲ್ಲಿ ಇಂಚರ ಪಠ್ಯಪುಸ್ತಕ ಬಿಟ್ಟು ಬೇರೇನೂ ಓದಲಿಲ್ಲ. 'ಹೂಂ' ಕೂಡ ನಿಂತಿತು. ಮಂಗಳಗೌರಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ನನ್ನಂಥದ್ದೇ ಹೊಸ ಕಾದಂಬರಿ ತಂದು ಮೇಜಿನ ಮೇಲಿಟ್ಟರು.

"ತಗೊಳೇ ಪುಟ್ಟಿ, ತುಂಬಾ ಚೆನ್ನಾಗಿದೆಯಂತೆ."

ಇಂಚರ ಅದನ್ನು ತೆರೆಯದೆ ಅಮ್ಮನ ಕಡೆಗೇ ಸರಿಸಿದಳು. "ನೀನೇ ಓದಮ್ಮ. ಓದಿ, ನಾನೇನ್ ಮಾಡ್ದೆ ಅಂತ ಹೇಳು."

ಈಗ ನಾವಿಬ್ಬರೂ ಬೀರುವಿನ ಮೇಲೆ, ಹಳೇ ಮಿಕ್ಸಿಯ ಪಕ್ಕ ಧೂಳು ತಿನ್ನುತ್ತಿದ್ದೇವೆ. ನನ್ನ ಕೊನೆಯ ಪುಟದಲ್ಲಿ ತನ್ವಿ ಅಡುಗೆಮನೆಯ ಕಟ್ಟೆಯೇರಿ ಕೂತು, ತನ್ನ ಅಮ್ಮನಿಗೆ ಎಲ್ಲವನ್ನೂ ಹೇಳುತ್ತಾಳೆ. ಮಂಗಳಗೌರಿ ಆಗಾಗ ಸ್ಟೂಲು ಹತ್ತಿ, ಅದೊಂದೇ ಪುಟ ಓದಿ, ಮತ್ತೆ ಮೇಲಿಡುತ್ತಾರೆ. ಉಳಿದದ್ದೆಲ್ಲ ಬರೀ ಕಥೆಯೆಂದು ಈಗ ಒಪ್ಪಿದ್ದಾರೆ. ಆ ಪುಟವೂ ಕಥೆಯೆಂದು ಮಾತ್ರ ಇನ್ನೂ ಒಪ್ಪಿಲ್ಲ.