ಕುಮಾರನ ಸ್ವೆಟರ್

ಮಾಲಿನಿಗೆ ಹೆಣಿಗೆ ಕಲಿಯಬೇಕೆಂಬ ಆಸೆಯೇನೂ ಇರಲಿಲ್ಲ. ಭಾನುವಾರಗಳನ್ನು ಕಳೆಯಲು ಏನಾದರೊಂದು ಬೇಕಿತ್ತು, ಅಷ್ಟೆ. ಹಳೇಬೀಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಅವಳಿಗೆ ವಾರದ ಉಳಿದ ದಿನಗಳು ಬಂದುಹೋಗುವ ರೋಗಿಗಳ ನಡುವೆ ಹೇಗೋ ಸರಿದುಹೋಗುತ್ತಿದ್ದವು. ನಲವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ. ತಾಯಿ ಚಲುವಮ್ಮ ಇರುವತನಕ ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿದಳು. ತಾಯಿ ತೀರಿಕೊಂಡ ಮೇಲೆ ಅಲ್ಲಿನ ಬಾಡಿಗೆ ಮನೆ ಬಿಟ್ಟು ಹಳೇಬೀಡಿನಲ್ಲೇ ಮಹಡಿಯ ಮೇಲಿನ ಒಂದು ಕೋಣೆ ಹಿಡಿದಳು. ಓಡಾಟ ತಪ್ಪಿತು, ಅದರ ಜೊತೆಗೆ ಬಸ್ಸಿನ ಮಾತುಕತೆಯೂ ತಪ್ಪಿತು. ಶನಿವಾರ ಸಂಜೆ ಬಂದು ಬಾಗಿಲು ಹಾಕಿಕೊಂಡರೆ, ಸೋಮವಾರ ಬೆಳಿಗ್ಗೆ ಯಾರಿಗಾದರೂ ‘ಕೈ ಚಾಚಿ’ ಎನ್ನುವವರೆಗೆ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ.

ಚಳಿ ಶುರುವಾದ ಒಂದು ಭಾನುವಾರ ಬೇಲೂರಿಗೆ ಶಾಲು ಕೊಳ್ಳಲು ಹೋದಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಉಲನ್ ಅಂಗಡಿ. ಒಳಗೆ ಮೂವರು ಹೆಂಗಸರು ಚಾಪೆಯ ಮೇಲೆ ಕೂತು, ಕಡ್ಡಿ ಆಡಿಸುತ್ತ ಗಟ್ಟಿಯಾಗಿ ನಗುತ್ತಿದ್ದರು. ಮಾಲಿನಿಗೆ ಶಾಲು ಮರೆತೇಹೋಯಿತು.

‘ನಂಗೂ ಕಲಿಸ್ತೀರಾ?’ ಎಂದು ಬಾಗಿಲಲ್ಲೇ ನಿಂತು ಕೇಳಿದಳು.

‘ಅದಕ್ಕೇನು, ಬನ್ನಿ. ಭಾನುವಾರ ಮಧ್ಯಾಹ್ನ ಎಲ್ರೂ ಸೇರ್ತೀವಿ’ ಎಂದಳು ಅವರಲ್ಲೊಬ್ಬಳಾದ ಅಂಗಡಿಯ ಒಡತಿ ಹೇಮಲತಾ. ‘ಯಾರಿಗೆ ಹೆಣೀತೀರ?’

ನನಗೇ ಎನ್ನಲು ಬಾಯಿ ತೆರೆದಳು. ಮೂವರೂ ಮುಖವೆತ್ತಿ ನೋಡುತ್ತಿದ್ದರು. ಬೋರಮ್ಮ ಎಂಬಾಕೆಯ ಮಡಿಲಲ್ಲಿ ಮೊಮ್ಮಗುವಿನ ಕುಲಾವಿ, ಪಕ್ಕದವಳ ಕೈಯಲ್ಲಿ ಗಂಡನ ಮಫ್ಲರ್.

‘ನನ್ನ ತಮ್ಮನಿಗೆ’ ಎಂದುಬಿಟ್ಟಳು. ತಾಯಿಗೆ ಅವಳೊಬ್ಬಳೇ, ಬೇರೆ ಮಕ್ಕಳಿರಲಿಲ್ಲ.

‘ಅಳತೆ ತಂದಿದ್ದೀರಾ?’

‘ಇಲ್ಲ. ಅವನು ಚಿಕ್ಕಮಗಳೂರಲ್ಲಿದ್ದಾನೆ. ಕುಮಾರ ಅಂತ. ಸ್ವಲ್ಪ ದಪ್ಪ.’

‘ಹಂಗಾದ್ರೆ ಸ್ವೆಟರ್ ಲೂಸಾಗೇ ಹೆಣೀರಿ. ಮೈಗೆ ಎರಡು ದೊಡ್ಡ ತುಂಡು, ತೋಳಿಗೆ ಎರಡು. ಎಲ್ಲಾ ನೇರಕ್ಕೆ. ಸೇರ್ಸಿ ಹೊಲಿದ್ರೆ ಆಯ್ತು. ಹೊಸ್ದಾಗಿ ಕಲಿಯೋರಿಗೆ ಇದೇ ವಾಸಿ ಕಣ್ರೀ, ಒಂದೆರಡು ಕುಣಿಕೆ ಆಚೀಚೆ ಆದ್ರೂ ಯಾರಿಗೂ ಗೊತ್ತಾಗಲ್ಲ.’

ಬೂದುಬಣ್ಣದ ಉಲನ್ ಆರಿಸಿದಳು. ಮೊದಮೊದಲು ಕೈ ಕೇಳಲಿಲ್ಲ. ದಾರವನ್ನು ಜಗ್ಗಿ ಹಿಡಿದದ್ದರಿಂದ ಕುಣಿಕೆಗಳು ಕಡ್ಡಿಯ ಮೇಲೆ ಸರಿಯದಂತೆ ಬಿಗಿದುಕೊಂಡವು. ಆಮೇಲೆ, ಎಲ್ಲಿಂದ ಬಂದವೋ, ಹೆಚ್ಚಿನ ಕುಣಿಕೆಗಳು ಹುಟ್ಟಿಕೊಂಡು ತುಂಡು ಬೀಸಣಿಗೆಯಂತೆ ಅಗಲವಾಯಿತು. ಹೇಮಲತಾ ನಗುತ್ತಲೇ ಬಿಚ್ಚಿಸಿದಳು. ‘ದಾರದ ಮೇಲೆ ಯಾಕ್ರೀ ಅಷ್ಟು ಸಿಟ್ಟು? ಕೈ ಸಡಿಲ ಬಿಡಿ’ ಎಂದಳು.

ಕೈ ಸಡಿಲವಾದಂತೆ ನಾಲಿಗೆಯೂ ಸಡಿಲವಾಯಿತು. ಚಾಪೆಯ ಮೇಲೆ ಎಲ್ಲರೂ ಮನೆಯವರ ಸುದ್ದಿ ಹೇಳುವಾಗ ಮಾಲಿನಿ ಕುಮಾರನ ಸುದ್ದಿ ಹೇಳಿದಳು. ಕುಮಾರನಿಗೆ ಅವರೆಕಾಳು ಎಂದರೆ ಪ್ರಾಣ. ಕುಮಾರನಿಗೆ ಬೇಗ ಕೋಪ, ಬೇಗ ಅಳು. ಫೋನ್ ಮಾಡಿದರೆ ಊಟ ಆಯ್ತಾ ಅಕ್ಕ ಅಂತಲೇ ಮೊದಲು ಕೇಳುತ್ತಾನೆ. ‘ಪುಣ್ಯವಂತೆ ಕಣಮ್ಮ’ ಎಂದಳು ಬೋರಮ್ಮ. ವಾರದ ಸಂಜೆಗಳಲ್ಲಿ ಕೋಣೆಯಲ್ಲಿ ಕೂತು ಹೆಣೆಯುವಾಗ, ಮುಂದಿನ ಭಾನುವಾರ ಅವನ ಬಗ್ಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಳು. ಹಾಗೆ ಯೋಚಿಸುತ್ತ ಒಬ್ಬಳೇ ನಕ್ಕದ್ದೂ ಉಂಟು.

ತುಂಡುಗಳನ್ನೆಲ್ಲ ಸೇರಿಸಿ ಹೊಲಿದಾಯಿತು. ಕುತ್ತಿಗೆಯ ಪಟ್ಟಿಯೊಂದೇ ಬಾಕಿ. ಆ ಮಧ್ಯಾಹ್ನ ಹೇಮಲತಾ ಸಂಭ್ರಮದಿಂದ, ‘ನಮ್ಮನೆಯವ್ರು ಗಾಡೀಲಿ ವಾರವಾರ ಚಿಕ್ಕಮಗಳೂರಿಗೆ ಲೋಡ್ ತಗೊಂಡು ಹೋಗ್ತಾರೆ. ಮುಂದಿನ ವಾರ ಮುಗಿಸ್ಬುಡಿ, ಅವ್ರೇ ಕುಮಾರಂಗೆ ಕೊಟ್ಟು ಬತ್ತಾರೆ. ನಂಬರ್ ಕೊಡಿ’ ಎಂದು ಫೋನ್ ಕೈಗೆತ್ತಿಕೊಂಡಳು.

ದೂರದ ಊರು ಹೇಳಬೇಕಿತ್ತು ಎಂದು ಮಾಲಿನಿಗೆ ಆಗ ಅನಿಸಿತು. ‘ಹೊಸ ನಂಬರು, ನೋಡಿ ಹೇಳ್ತೀನಿ’ ಎಂದು ಎದ್ದು ಬಂದಳು.

ಮುಂದಿನ ಭಾನುವಾರ ಹೋಗಲಿಲ್ಲ. ಅದರಾಚೆಯದಕ್ಕೂ ಇಲ್ಲ. ‘ಹುಷಾರಿಲ್ವಾ?’ ಎಂದು ಹೇಮಲತಾ ಫೋನ್ ಮಾಡಿದಾಗ ಕೆಲಸ ಜಾಸ್ತಿ ಎಂದಳು. ಕುತ್ತಿಗೆಯಿಲ್ಲದ ಸ್ವೆಟರ್ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಅದನ್ನು ನೋಡಲಾಗದೆ ಚೀಲಕ್ಕೆ ತುರುಕಿದಳು. ಆಮೇಲೆ ಆ ಚೀಲವನ್ನೇ ಎತ್ತಿಕೊಂಡು, ರಜೆ ಹಾಕಿ, ಒಂದು ಬುಧವಾರ ಬೇಲೂರಿನ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಹೇಮಲತಾ ಒಬ್ಬಳೇ ಇದ್ದಳು.

‘ಹೇಮಕ್ಕ, ಕುಮಾರ ಅಂತ ಯಾರೂ ಇಲ್ಲ.’

‘ಅಂದ್ರೆ?’

‘ನಂಗೆ ತಮ್ಮನೇ ಇಲ್ಲ. ಯಾರಿಗೆ ಅಂತ ಕೇಳಿದ್ರಲ್ಲ, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆಮೇಲೆ ಬಿಡಕ್ಕಾಗ್ಲಿಲ್ಲ.’

ಹೇಮಲತಾ ಕೈಲಿದ್ದ ಕಡ್ಡಿ ಕೆಳಗಿಟ್ಟಳು. ಅವಳ ಮುಖ ಕೆಂಪಾಗಿತ್ತು. ‘ಮೊನ್ನೆ ಅವನಿಗೆ ಅಂತ ಅವರೆಕಾಳು ಸುಲಿದು ಇಟ್ಟಿದ್ನಲ್ರೀ. ನೀವು ಬರ್ಲಿಲ್ಲ, ಒಣಗೋಯ್ತು’ ಎಂದಳು. ಬೈದಿದ್ದರೆ ಮಾಲಿನಿಗೆ ಇಷ್ಟು ನೋವಾಗುತ್ತಿರಲಿಲ್ಲ.

‘ತಪ್ಪಾಯ್ತು.’

ಹೇಮಲತಾ ಚೀಲದಿಂದ ಸ್ವೆಟರ್ ತೆಗೆದು, ಕತ್ತಿನ ಸುತ್ತ ಕುಣಿಕೆ ಎತ್ತುವುದನ್ನು ತೋರಿಸಿ ಕಡ್ಡಿಯನ್ನು ಮಾಲಿನಿಯ ಕೈಗಿಟ್ಟಳು. ಗಿರಾಕಿಗಳು ಬಂದರು, ಹೋದರು. ಇಬ್ಬರ ನಡುವೆ ಕೆಲಸದ ಮಾತಷ್ಟೇ ನಡೆಯಿತು. ಪಟ್ಟಿ ಮುಗಿದಾಗ ಹೇಮಲತಾ, ‘ಹಾಕ್ಕೊಳಿ, ನೋಡಾಣ’ ಎಂದಳು. ಸ್ವೆಟರಿನ ಭುಜ ಮೊಣಕೈಯತ್ತ ಜಾರಿ, ತೋಳು ಬೆರಳುಗಳನ್ನು ಮುಚ್ಚಿ, ಅಂಚು ತೊಡೆಯವರೆಗೆ ಇಳಿಯಿತು. ಹೇಮಲತಾ ತೋಳಿನ ತುದಿಗಳನ್ನು ಎರಡು ಮಡಿಕೆ ಮಡಿಸಿದಳು, ಅಷ್ಟೆ. ಭಾನುವಾರ ಬನ್ನಿ ಎನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಮಾಲಿನಿ ಕಿಟಕಿಯ ಪಕ್ಕ ಕೂತಳು. ಸುಳ್ಳು ಇಳಿದು ಹಗುರಾಗುತ್ತದೆ ಎಂದುಕೊಂಡಿದ್ದಳು, ಆದದ್ದೇ ಬೇರೆ. ಕೋಪಿಷ್ಠ, ಅಳುಬುರುಕ ಕುಮಾರನ ನೆನಪು ಒತ್ತರಿಸಿ ಬಂತು. ಅವನ ಬಗ್ಗೆ ಹೇಳಲು ಇನ್ನೂ ಎಷ್ಟೋ ಉಳಿದಿತ್ತು. ಹೇಳುವುದಾದರೂ ಯಾರಿಗೆ? ಇಲ್ಲದವನಿಗಾಗಿ ಅಳುವುದು ನಾಚಿಕೆಗೇಡು ಎನಿಸಿದರೂ, ಉಲನ್ನಿನ ತೋಳಿಗೆ ಕಣ್ಣೊತ್ತಿಕೊಂಡು ಅತ್ತಳು.

ಭಾನುವಾರ ಹೋಗುವುದೋ ಬೇಡವೋ ಎಂದು ಊಟದ ಹೊತ್ತಿನವರೆಗೂ ತಳಮಳಿಸಿ, ಕೊನೆಗೆ ಹೋದಳು. ಹೇಮಲತಾ ಎಲ್ಲರಿಗೂ ಹೇಳಿದ್ದಳೆಂದು ಒಳಗೆ ಕಾಲಿಟ್ಟಾಗಲೇ ತಿಳಿಯಿತು. ಯಾರೂ ಕುಮಾರನ ಸುದ್ದಿ ಎತ್ತಲಿಲ್ಲ. ಚಾಪೆಯ ಅಂಚಿನಲ್ಲಿ ಕೂತಳು. ಅವರ ಮಾತು ಮಕ್ಕಳು, ಸೊಸೆಯಂದಿರ ಮೇಲೆ ಹರಿಯಿತು, ಮಾಲಿನಿ ಕೇಳಿಸಿಕೊಂಡಳು.

ಬೋರಮ್ಮನೇ ಕೊನೆಗೆ, ‘ಅದ್ಯಾಕಮ್ಮ ಬಾಯಿ ಹೊಲ್ಕೊಂಡು ಕೂತಿದ್ದೀಯ? ಏನಾರ ಹೇಳು’ ಎಂದಳು.

ಮಾಲಿನಿ ತಡಕಾಡಿದಳು. ‘ನಿನ್ನೆ ಹುಲಿಕೆರೆ ಕಡೆ ಅಜ್ಜ ಒಬ್ರು ಬಂದಿದ್ರು. ರಿಪೋರ್ಟ್ ಕೊಟ್ಟು ಏನೂ ಕಾಯಿಲೆ ಇಲ್ಲ ಅಂದೆ. ಹಂಗಾರೆ ನನ್ ರಕ್ತ ವಾಪಸ್ ಕೊಡವ್ವ ಅಂತ ಕೂತೇಬಿಟ್ರು.’

ಬೋರಮ್ಮ ನಕ್ಕಳು. ಮಫ್ಲರಿನವಳೂ ನಕ್ಕಳು. ಹೇಮಲತಾ ತಲೆಯೆತ್ತಲಿಲ್ಲ, ಆದರೆ ಅವಳ ಕಡ್ಡಿ ಒಂದು ಗಳಿಗೆ ನಿಂತಿತು. ಆಮೇಲೆ ಮಾತು ಬೇರೆಲ್ಲೋ ಹೋಯಿತು. ಸಂಜೆ ಎಲ್ಲರೂ ತಮ್ಮ ತಮ್ಮ ಮನೆಗಳತ್ತ ಹೊರಟಾಗ, ಮಾಲಿನಿ ಬಸ್ ಸ್ಟ್ಯಾಂಡಿಗೆ ನಡೆದಳು.